ಕಾರ್ಲೈಲ್ ಶಾಲೆಯ ಜಿಮ್ ಥಾರ್ಪ್

ಆಟೋಟಗಳ ಇತಿಹಾಸವನ್ನು ಇತಿಹಾಸವೆಂದು ಗಣಿಸುವ ವಾಡಿಕೆ ಕನ್ನಡ ವಿದ್ವತ್ತಿನಲ್ಲಿ ಇನ್ನೂ ಬೇರೂರಿಲ್ಲ. ಅರಸರ ದಂಡಯಾತ್ರೆ, ಶಾಸನಗಳ ಕಾಲನಿರ್ಣಯ, ಕವಿಗಳ ದೇಶಕಾಲ ಇವುಗಳಲ್ಲಿ ತೋರುವ ಶ್ರದ್ಧೆಯ ಕಿಂಚಿದಂಶವನ್ನೂ ಮೈದಾನದಲ್ಲಿ ನಡೆದ ಸಂಗತಿಗಳಿಗೆ ಮೀಸಲಿಡಲು ವಿದ್ವಾಂಸರು ಹಿಂಜರಿಯುತ್ತಾರೆ. ಆದರೆ ಒಂದು ಸಮಾಜವು ಯಾರನ್ನು ತನ್ನವನೆಂದು ಒಪ್ಪಿಕೊಳ್ಳುತ್ತದೆ, ಯಾರಿಂದ ದುಡಿಸಿಕೊಂಡು ಯಾರನ್ನು ಹೊರಗಿಡುತ್ತದೆ ಎಂಬುದು ಎಷ್ಟೋ ವೇಳೆ ರಾಜಪತ್ರಗಳಿಗಿಂತ ಆಟದ ಕಟ್ಟಳೆಗಳಲ್ಲಿ ಸ್ಪಷ್ಟವಾಗಿ ಕಾಣಬರುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಾಲೇಜು ಫುಟ್‌ಬಾಲಿನ ಮೈದಾನವನ್ನು ಆಳಿದ ಜಿಮ್ ಥಾರ್ಪನ ಜೀವನ ಇದಕ್ಕೆ ಒಳ್ಳೆಯ ನಿದರ್ಶನ.

ಮೊದಲು ಎರಡು ಶಬ್ದಗಳ ವಿಚಾರ. ಥಾರ್ಪನನ್ನು ಅವನ ಕಾಲದ ಪತ್ರಿಕೆಗಳು 'ಇಂಡಿಯನ್' ಎಂದೇ ಕರೆದವು. ದಾರಿ ತಪ್ಪಿದ ನಾವಿಕನೊಬ್ಬನ ಭೂಗೋಳಜ್ಞಾನದ ದೋಷವು ಒಂದು ಖಂಡದ ಮೂಲನಿವಾಸಿಗಳೆಲ್ಲರ ಹೆಸರಾಗಿ ನಿಂತ ಕಥೆ ಸರ್ವವಿದಿತ. ನಿಜವಾದ ಇಂಡಿಯಾದವರಿಗೆ ಗೊಂದಲವಾಗದಿರಲೆಂದು ಇಲ್ಲಿ ಅವರನ್ನು ಮೂಲನಿವಾಸಿಗಳೆಂದೇ ಕರೆದಿದೆ. ಎರಡನೆಯದು ಫುಟ್‌ಬಾಲ್. ಈ ಹೆಸರು ಕೇಳಿದೊಡನೆ ಕನ್ನಡಿಗರ ಕಣ್ಣಮುಂದೆ ಬರುವುದು ಕಾಲ್ಚೆಂಡಾಟ. ಅಮೆರಿಕದ ಫುಟ್‌ಬಾಲ್ ಅದಲ್ಲ. ಅಲ್ಲಿ ಚೆಂಡು ಗುಂಡಗಿಲ್ಲ, ಮೊಟ್ಟೆಯಾಕಾರ. ಕಾಲಿಗಿಂತ ಕೈಗೇ ಅದರೊಡನೆ ಹೆಚ್ಚು ಕೆಲಸ. ಚೆಂಡನ್ನು ಅವುಚಿಕೊಂಡು ಓಡುವವನನ್ನು ಎದುರು ಪಕ್ಷದ ಹನ್ನೊಂದು ಮಂದಿ ಹಿಡಿದು ಕೆಡವುತ್ತಾರೆ. ಈ ಹಿಡಿತ ಕೆಡವುಗಳ ಮಟ್ಟಿಗೆ ಅದು ನಮ್ಮ ಹುತುತುವಿಗೆ ಹತ್ತಿರ. ಎದುರಾಳಿಯ ಗಡಿಯನ್ನು ಚೆಂಡಿನೊಡನೆ ದಾಟಿದರೆ 1911ರವರೆಗೆ 5 ಅಂಕ, 1912ರಿಂದ 6 ಅಂಕ. ಕಂಬಗಳ ನಡುವೆ ಚೆಂಡನ್ನು ಒದ್ದು ಹಾಯಿಸಿದರೆ 3 ಅಂಕ. ಈ ಆಟದಲ್ಲಿ ಮೈಮುರಿತ ಸಾಮಾನ್ಯವಾಗಿತ್ತು, ಸಾವುಗಳೂ ಸಂಭವಿಸುತ್ತಿದ್ದವು. 1905ರ ಋತುವಿನ ಸಾವುಗಳನ್ನು ಕಂಡು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನೇ ಮಧ್ಯೆ ಪ್ರವೇಶಿಸಬೇಕಾಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಅನುಮತಿ ದೊರೆತು, ಬಲಕ್ಕಿಂತ ಚಾತುರ್ಯಕ್ಕೆ ಹೆಚ್ಚು ಅವಕಾಶವಾಯಿತು. ಥಾರ್ಪನು ಮೈದಾನಕ್ಕೆ ಇಳಿದುದು ಇದರ ಮರುವರ್ಷ.

ಅವನು ಹುಟ್ಟಿದುದು 1887ರ ಮೇ ತಿಂಗಳಲ್ಲಿ, ಈಗಿನ ಒಕ್ಲಹೋಮ ರಾಜ್ಯಕ್ಕೆ ಸೇರಿದ, ಆಗ ಇಂಡಿಯನ್ ಟೆರಿಟರಿ ಎನಿಸಿಕೊಂಡಿದ್ದ ಪ್ರದೇಶದಲ್ಲಿ. 1888 ಎಂದು ಹೇಳುವ ದಾಖಲೆಗಳೂ ಉಂಟು. ಸ್ಯಾಕ್ ಮತ್ತು ಫಾಕ್ಸ್ ಜನಾಂಗಕ್ಕೆ ಸೇರಿದ ಈ ಮಗುವಿಗೆ ಕುಲದವರು ಇಟ್ಟ ಹೆಸರು ವಾ-ಥೋ-ಹಕ್, ಅಂದರೆ ಬೆಳಗುವ ಹಾದಿ. ಜೊತೆಯಲ್ಲಿ ಹುಟ್ಟಿದ ಅವಳಿ ಸಹೋದರ ಚಾರ್ಲಿ ಒಂಬತ್ತರ ಪ್ರಾಯದಲ್ಲಿ ಕಾಯಿಲೆಯಿಂದ ತೀರಿಕೊಂಡ. ತಾಯಿಯೂ ಬೇಗ ತೀರಿಕೊಂಡಳು. ಶಾಲೆಯಿಂದ ಶಾಲೆಗೆ ಸಾಗಹಾಕಲ್ಪಟ್ಟ ಹುಡುಗನು ಅವಕಾಶ ಸಿಕ್ಕಾಗಲೆಲ್ಲ ಓಡಿಹೋಗುತ್ತಿದ್ದ.

ಆ ಕಾಲದಲ್ಲಿ ಮೂಲನಿವಾಸಿಗಳ ಕಾನೂನುಸ್ಥಿತಿ ಎಂತಹುದು ಎಂಬುದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗಲಾರದು. 1887ರ ಡಾಸ್ ಕಾಯಿದೆಯು ಜನಾಂಗಗಳ ಸಮುದಾಯದ ಭೂಮಿಯನ್ನು ತುಂಡುಮಾಡಿ ಮನೆಮಂದಿಗೆ ಹಂಚಿ, ಉಳಿದುದನ್ನು 'ಹೆಚ್ಚುವರಿ' ಎಂದು ಬಿಳಿಯರಿಗೆ ತೆರೆಯುವ ಮಾರ್ಗವನ್ನು ಮಾಡಿಕೊಟ್ಟಿತು. ಸ್ಯಾಕ್ ಮತ್ತು ಫಾಕ್ಸರ ನೆಲಕ್ಕೆ ಬಿಳಿಯರು ನುಗ್ಗಿದುದು 1891ರಲ್ಲಿ. ಹಂಚಿಕೆಯಲ್ಲಿ ಬಂದ ತುಂಡು ಕೂಡ ಹೆಸರಿಗಷ್ಟೆ ಸ್ವಂತದ್ದು. ಅದನ್ನು ಮಾರಲು, ಗೇಣಿಗೆ ಕೊಡಲು, ಅದರ ಹುಟ್ಟುವಳಿಯನ್ನು ಕೈಗೆ ಪಡೆಯಲು ಸರ್ಕಾರದ ಏಜೆಂಟನ ಒಪ್ಪಿಗೆ ಬೇಕು. ಅಪ್ರಾಪ್ತವಯಸ್ಕನ ಆಸ್ತಿಯನ್ನು ಪಾಲಕನು ನಿರ್ವಹಿಸುವಂತೆ ಒಂದು ಸರ್ಕಾರವು ಪ್ರಾಪ್ತವಯಸ್ಕರ ಇಡೀ ಜನಾಂಗದ ಹಣವನ್ನು ತನ್ನ ವಶದಲ್ಲಿ ಇಟ್ಟುಕೊಂಡಿತ್ತು. ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ದೊರೆತುದು 1924ರಲ್ಲಿ. ಥಾರ್ಪನು ಅಮೆರಿಕಕ್ಕಾಗಿ ಪದಕಗಳನ್ನು ಗೆದ್ದು ಆಗ ಹನ್ನೆರಡು ವರ್ಷಗಳಾಗಿದ್ದವು.

1904ರಲ್ಲಿ ಅವನನ್ನು ಪೆನ್ಸಿಲ್ವೇನಿಯದ ಕಾರ್ಲೈಲಿಗೆ ಕಳುಹಿಸಲಾಯಿತು. ಅದೇ ವರ್ಷ ತಂದೆಯೂ ಕಣ್ಮುಚ್ಚಿದ. ಕಾರ್ಲೈಲಿನ ಈ ಶಾಲೆಯನ್ನು 1879ರಲ್ಲಿ ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿಯು ಹಳೆಯ ದಂಡಿನ ಬಿಡಾರದಲ್ಲಿ ಸ್ಥಾಪಿಸಿದ್ದ. ಮಗುವಿನೊಳಗಿನ ಮೂಲನಿವಾಸಿಯನ್ನು ಕೊಂದರೆ ಮಾತ್ರ ಮನುಷ್ಯನನ್ನು ಉಳಿಸಬಹುದು ಎಂಬುದು ಅವನ ಘೋಷಿತ ತತ್ತ್ವ. ಬಂದ ದಿನವೇ ಗಂಡುಮಕ್ಕಳ ಜಡೆ ಕತ್ತರಿಸುತ್ತಿದ್ದರು. ಹೆಸರು ಬದಲಾಗುತ್ತಿತ್ತು. ತಾಯ್ನುಡಿಯನ್ನು ಆಡಿದರೆ ಶಿಕ್ಷೆ. ನುಡಿಯೊಂದನ್ನು ಮಕ್ಕಳ ಬಾಯಿಂದಲೇ ಅಳಿಸುವ ಈ ಪ್ರಯತ್ನದ ಭೀಕರತೆಯನ್ನು, ಪರಸ್ಥಳದಲ್ಲಿದ್ದು ಮನೆಯೊಳಗೆ ಮಾತ್ರ ತಾಯ್ನುಡಿಯನ್ನು ಉಳಿಸಿಕೊಂಡವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮನೆಗೆ ಹಿಂದಿರುಗದೆ ಶಾಲೆಯ ಸ್ಮಶಾನದಲ್ಲಿಯೇ ಉಳಿದ ಮಕ್ಕಳ ಗೋರಿಗಳು ಇಂದಿಗೂ ಕಾರ್ಲೈಲಿನಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ಕೆಲವರ ಅಸ್ಥಿಗಳನ್ನು ಅವರ ಕುಲದವರು ಊರಿಗೆ ಕೊಂಡೊಯ್ದಿದ್ದಾರೆ.

ವಾಸ್ತವವಾಗಿ ಕಾರ್ಲೈಲ್ ಕಾಲೇಜೇ ಆಗಿರಲಿಲ್ಲ. ಬಡಗಿತನ, ಹೊಲಿಗೆ, ಬೇಸಾಯಗಳನ್ನು ಕಲಿಸುವ ಔದ್ಯೋಗಿಕ ಶಾಲೆ ಅದು. ಆದರೂ ಅದರ ಫುಟ್‌ಬಾಲ್ ತಂಡವು ಹಾರ್ವರ್ಡ್, ಪ್ರಿನ್ಸ್‌ಟನ್, ಪೆನ್ಸಿಲ್ವೇನಿಯ ಮುಂತಾದ ಮಹಾವಿದ್ಯಾಲಯಗಳೊಡನೆ ಆಡುತ್ತಿತ್ತು. ಮೂಲನಿವಾಸಿಗಳು ಆಡುವುದನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಿದ್ದುದರಿಂದ ತಂಡವು ಋತುವಿನ ಬಹುಭಾಗವನ್ನು ರೈಲುಗಾಡಿಯಲ್ಲಿ, ಪರರ ಊರುಗಳಲ್ಲಿ ಕಳೆಯುತ್ತಿತ್ತು. ಟಿಕೆಟಿನ ಹಣದ ಪಾಲು ಶಾಲೆಯ ಕ್ರೀಡಾನಿಧಿಗೆ ಜಮಾ ಆಗುತ್ತಿತ್ತು. ಈ ನಿಧಿಯ ಮೇಲೆ ಹಿಡಿತವಿದ್ದವನು ತರಬೇತುಗಾರ ಗ್ಲೆನ್ ವಾರ್ನರ್. ಅಮೆರಿಕದ ಫುಟ್‌ಬಾಲಿನ ಮಹಾಚಾರ್ಯರಲ್ಲಿ ಅವನೊಬ್ಬನೆಂಬುದರಲ್ಲಿ ಎರಡು ಮಾತಿಲ್ಲ. ಉಳಿದ ವಿಷಯಗಳಲ್ಲಿ ಅಭಿಪ್ರಾಯಭೇದವಿದೆ.

1907ರ ವಸಂತದಲ್ಲಿ ಶಾಲೆಯ ಮೈದಾನದಲ್ಲಿ ಕೆಲವರು ಎತ್ತರ ಜಿಗಿತದ ಅಭ್ಯಾಸ ಮಾಡುತ್ತಿದ್ದರಂತೆ. 5 ಅಡಿ 9 ಅಂಗುಲದಲ್ಲಿದ್ದ ಕೋಲನ್ನು ಯಾರೂ ದಾಟಲಾರದೆ ಇದ್ದಾಗ ಕೆಲಸದ ಉಡುಪಿನಲ್ಲಿಯೇ ಹಾದುಹೋಗುತ್ತಿದ್ದ ಹುಡುಗನೊಬ್ಬ ಅದನ್ನು ಹಾರಿ ತನ್ನ ಪಾಡಿಗೆ ಹೊರಟುಹೋದ. ಮರುದಿನ ವಾರ್ನರನು ಅವನನ್ನು ಕರೆಸಿದ. ದಂತಕಥೆಯ ಬಣ್ಣ ಇದಕ್ಕೆ ಸ್ವಲ್ಪ ಹತ್ತಿರಬಹುದಾದರೂ ಕಥೆಯನ್ನು ಥಾರ್ಪನೂ ವಾರ್ನರನೂ ಇಬ್ಬರೂ ಹೇಳಿದ್ದಾರೆ. ಆ ವರ್ಷದ ಶರತ್ಕಾಲದಲ್ಲಿ ಕಾರ್ಲೈಲ್ ತಂಡವು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವನ್ನು 26–6 ಅಂಕಗಳಿಂದ ಸೋಲಿಸಿತು. ಥಾರ್ಪನಿನ್ನೂ ಬದಲಿ ಆಟಗಾರ. 1908ರಲ್ಲಿ ಅವನು ತಂಡದ ಮುಖ್ಯ ಓಟಗಾರನಾದ.

1909 ಮತ್ತು 1910ರ ಬೇಸಗೆಗಳಲ್ಲಿ ಅವನು ಉತ್ತರ ಕ್ಯಾರೊಲಿನದಲ್ಲಿ ಸಣ್ಣ ಊರುಗಳ ಬೇಸ್‌ಬಾಲ್ ತಂಡಗಳಿಗೆ, ಮುಖ್ಯವಾಗಿ ರಾಕಿ ಮೌಂಟ್ ತಂಡಕ್ಕೆ, ಅಲ್ಪಸ್ವಲ್ಪ ಹಣಕ್ಕಾಗಿ ಆಡಿದ. ರಜೆಯಲ್ಲಿ ಹೀಗೆ ಆಡುವುದು ಕಾಲೇಜು ಹುಡುಗರಲ್ಲಿ ರೂಢಿಯಾಗಿತ್ತು. ಅನುಭವಸ್ಥರು ಸುಳ್ಳು ಹೆಸರನ್ನು ಕೊಡುತ್ತಿದ್ದರು. ಥಾರ್ಪನು ತನ್ನ ಹೆಸರನ್ನೇ ಕೊಟ್ಟ. ಊರ ಪತ್ರಿಕೆಗಳು ಅದನ್ನು ಯಥಾವತ್ತಾಗಿ ಅಚ್ಚುಹಾಕಿದವು.

1911ರಲ್ಲಿ ಶಾಲೆಗೆ ಮರಳಿದ ಥಾರ್ಪನ ಎರಡು ಋತುಗಳು ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲಿ ಪ್ರತ್ಯೇಕ ಅಧ್ಯಾಯವೆನಿಸಿವೆ. ನವೆಂಬರಿನಲ್ಲಿ ಹಾರ್ವರ್ಡಿನ ಮೇಲೆ ನಡೆದ ಪಂದ್ಯಕ್ಕೆ ಅವನು ನೋಯುವ ಕಾಲಿಗೆ ಪಟ್ಟಿ ಬಿಗಿದುಕೊಂಡು ಇಳಿದ. ಕಾರ್ಲೈಲ್ 18, ಹಾರ್ವರ್ಡ್ 15. ಈ 18ರಲ್ಲಿ 12 ಅಂಕಗಳು ಅವನೊಬ್ಬನ ಒದೆತದಿಂದ ಬಂದವು. ನಾಲ್ಕು ಬಾರಿ ಒದ್ದು ನಾಲ್ಕು ಬಾರಿಯೂ ಚೆಂಡನ್ನು ಕಂಬಗಳ ನಡುವೆ ಹಾಯಿಸಿದ್ದ. ಕೊನೆಯದು 40 ಗಜಕ್ಕೂ ಮಿಕ್ಕ ದೂರದಿಂದ. ಹನ್ನೆರಡು ಪಂದ್ಯಗಳ ಆ ಋತುವಿನಲ್ಲಿ ತಂಡ ಸೋತದ್ದು ಒಂದನ್ನು, ಸಿರಕ್ಯೂಸ್ ಎದುರಿಗೆ, ಒಂದೇ ಅಂಕದಿಂದ.

1912ರ ನವೆಂಬರ್ 9ರಂದು ವೆಸ್ಟ್ ಪಾಯಿಂಟಿನಲ್ಲಿ ಸೇನಾ ವಿದ್ಯಾಲಯದ ತಂಡದೊಡನೆ ನಡೆದ ಆಟಕ್ಕೆ ಬೇರೆಯೇ ಅರ್ಥವಿತ್ತು. ವೂಂಡೆಡ್ ನೀ ಎಂಬಲ್ಲಿ ಸೈನ್ಯವು ಮೂಲನಿವಾಸಿಗಳ ಗಂಡಸರು ಹೆಂಗಸರು ಮಕ್ಕಳನ್ನು ಸಂಹರಿಸಿ ಆಗ ಇನ್ನೂ ಇಪ್ಪತ್ತೆರಡು ವರ್ಷ ತುಂಬಿರಲಿಲ್ಲ. ಇವರ ತಂದೆತಾತಂದಿರೊಡನೆ ಕಾದಿದವರು ಅವರ ತಂದೆತಾತಂದಿರು ಎಂಬುದನ್ನು ವಾರ್ನರನು ಆಟಗಾರರಿಗೆ ನೆನಪಿಸಿದನಂತೆ. ನೆನಪಿಸುವ ಅಗತ್ಯವಿತ್ತೆ ಎಂಬುದು ಸಂಶಯ. ಕಾರ್ಲೈಲ್ 27–6ರಿಂದ ಗೆದ್ದಿತು. ಥಾರ್ಪನನ್ನು ಕೆಡವಲು ಹೆಣಗಿದ ಸೇನಾ ವಿದ್ಯಾರ್ಥಿಗಳಲ್ಲಿ ಡ್ವೈಟ್ ಐಸೆನ್‌ಹೋವರ್ ಒಬ್ಬ. ಮುಂದೆ ಅಧ್ಯಕ್ಷನಾದ ಈತ ಮುಪ್ಪಿನಲ್ಲಿಯೂ ಆ ದಿನವನ್ನು ಮೆಚ್ಚುಗೆಯಿಂದ ನೆನೆಯುತ್ತಿದ್ದ.

ಆ ವರ್ಷ ಥಾರ್ಪನು 25 ಬಾರಿ ಗಡಿ ದಾಟಿ ಒಟ್ಟು 198 ಅಂಕ ಗಳಿಸಿದನೆಂಬುದು ರೂಢಿಯ ಲೆಕ್ಕ. ಪಂದ್ಯಗಳ ವರದಿಗಳನ್ನು ಮರುಪರಿಶೀಲಿಸಿದ ಸ್ಟೀವ್ ಬೋಡಾ ಎಂಬ ಸಂಶೋಧಕನು ಇದನ್ನು 27 ಮತ್ತು 224ಕ್ಕೆ ಏರಿಸಿದ್ದಾನೆ. ಎರಡು ವರ್ಷವೂ ಅಖಿಲ ಅಮೆರಿಕ ತಂಡದಲ್ಲಿ ಅವನಿಗೆ ಸ್ಥಾನ ದೊರೆಯಿತು.

ಈ ಎರಡು ಋತುಗಳ ನಡುವಣ ಬೇಸಗೆಯಲ್ಲಿ ಅವನು ಸ್ಟಾಕ್‌ಹೋಮಿನ ಒಲಿಂಪಿಕ್ ಕ್ರೀಡೆಗಳಿಗೆ ಹೋಗಿಬಂದಿದ್ದ. ಐದು ಅಂಗಗಳ ಪೆಂಟಾತ್ಲಾನಿನಲ್ಲಿ ನಾಲ್ಕರಲ್ಲಿ ಮೊದಲಿಗ. ಹತ್ತು ಅಂಗಗಳ ಡೆಕಾತ್ಲಾನಿನಲ್ಲಿ 8,412 ಅಂಕ. ಎರಡನೆಯವನಾದ ಸ್ವೀಡನ್ನಿನ ಹ್ಯೂಗೊ ವೀಸ್ಲಾಂಡರನಿಗೆ 7,724. ದೊರೆ ಐದನೆಯ ಗುಸ್ತಾವನು ಅವನನ್ನು ಜಗತ್ತಿನ ಸರ್ವಶ್ರೇಷ್ಠ ಕ್ರೀಡಾಪಟುವೆಂದು ಹೊಗಳಿದನೆಂದು ಪ್ರತೀತಿ. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಮೆರವಣಿಗೆ ನಡೆಯಿತು.

1913ರ ಜನವರಿಯ ಕೊನೆಯಲ್ಲಿ ವೂಸ್ಟರ್ ನಗರದ ಪತ್ರಿಕೆಯೊಂದು ರಾಕಿ ಮೌಂಟಿನ ಬೇಸ್‌ಬಾಲಿನ ಸಂಗತಿಯನ್ನು ಹೊರಗೆಡಹಿತು. ಹಣಕ್ಕಾಗಿ ಯಾವ ಆಟವನ್ನೇ ಆಡಿದವನೂ ಹವ್ಯಾಸಿಯಲ್ಲ, ಹವ್ಯಾಸಿಯಲ್ಲದವನಿಗೆ ಒಲಿಂಪಿಕ್ಕಿನಲ್ಲಿ ಸ್ಥಾನವಿಲ್ಲ ಎಂಬುದು ಆಗಿನ ನಿಯಮ. ಈ ನಿಯಮವನ್ನು ಶುದ್ಧ ಕ್ರೀಡಾಧರ್ಮವೆಂದು ಬಗೆಯುವವರು ಅದರ ಹುಟ್ಟನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಅದು ರೂಪುಗೊಂಡುದು ಕೈದುಡಿಮೆಯವರನ್ನು ಕುಲೀನರ ದೋಣಿ ಪಂದ್ಯಗಳಿಂದ ದೂರವಿಡಲು. ಮನೆಯಲ್ಲಿ ಹಣವಿದ್ದವನಿಗೆ ಆಟವನ್ನು ಆಟವಾಗಿ ಆಡುವುದು ಸುಲಭ. ತನ್ನ ನೆಲದ ಗೇಣಿಯನ್ನು ಪಡೆಯಲೂ ಅರ್ಜಿ ಹಾಕಬೇಕಾದವನಿಗೆ ಬೇಸಗೆಯ ಎರಡು ಕಾಸು ದೊಡ್ಡದು.

ಥಾರ್ಪನು ಹವ್ಯಾಸಿ ಕ್ರೀಡಾ ಒಕ್ಕೂಟದ ಜೇಮ್ಸ್ ಸಲಿವನ್ನನಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡ. ಇತರ ಕಾಲೇಜು ಹುಡುಗರೂ ಇದನ್ನೇ ಮಾಡಿದರು, ಆದರೆ ಹೆಸರು ಮರೆಸಿಕೊಂಡು; ತಾನು ಲೋಕವ್ಯವಹಾರ ಅರಿಯದ ಇಂಡಿಯನ್ ಶಾಲೆಯ ಹುಡುಗ ಎಂಬುದು ಅದರ ಸಾರಾಂಶ. ಈ ಪತ್ರದ ಒಕ್ಕಣೆಯಲ್ಲಿ ವಾರ್ನರನ ಕೈವಾಡವನ್ನು ಗುರುತಿಸಿದ ಚರಿತ್ರಕಾರರು ಹಲವರು. ವಾರ್ನರನೂ ಶಾಲೆಯ ಮೇಲಧಿಕಾರಿ ಮೋಸಸ್ ಫ್ರೀಡ್‌ಮನ್ನನೂ ತಮಗೆ ಏನೂ ತಿಳಿದಿರಲಿಲ್ಲವೆಂದು ಹೇಳಿಕೆ ಕೊಟ್ಟರು. ತನ್ನ ಶ್ರೇಷ್ಠ ಆಟಗಾರನು ಎರಡು ವರ್ಷ ಎಲ್ಲಿದ್ದನೆಂಬುದು ತರಬೇತುಗಾರನಿಗೆ ತಿಳಿಯದೆ ಹೋಯಿತೆಂಬುದನ್ನು ನಂಬುವುದು ಕಷ್ಟ. ಐಸೆನ್‌ಹೋವರನೂ ವೆಸ್ಟ್ ಪಾಯಿಂಟಿಗೆ ಸೇರುವ ಮುನ್ನ ಬೇರೆ ಹೆಸರಿನಲ್ಲಿ ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದುಂಟೆಂದು ತಾನೇ ಹೇಳಿದ್ದಾಗಿ 1945ರಲ್ಲಿ ಪತ್ರಿಕೆಗಳು ವರದಿಮಾಡಿದವು. ಅದರಿಂದ ಅವನ ಕೀರ್ತಿಗೆ ಏನೂ ಕುಂದುಂಟಾಗಲಿಲ್ಲ.

ಒಲಿಂಪಿಕ್ ಸಮಿತಿಯು ಪದಕಗಳನ್ನು ಹಿಂದಕ್ಕೆ ಪಡೆದು ಥಾರ್ಪನ ಹೆಸರನ್ನು ದಾಖಲೆಯಿಂದ ಹೊಡೆದುಹಾಕಿತು. ಆದರೆ ಸ್ಟಾಕ್‌ಹೋಮ್ ಕ್ರೀಡೆಗಳ ನಿಯಮಾವಳಿಯಲ್ಲಿಯೇ ಇನ್ನೊಂದು ಕಲಮು ಇತ್ತು. ಸ್ಪರ್ಧಿಯ ಹವ್ಯಾಸಿತನದ ಬಗ್ಗೆ ಆಕ್ಷೇಪಣೆಯನ್ನು ಕ್ರೀಡೆಗಳು ಮುಗಿದ 30 ದಿನಗಳೊಳಗೆ ಸಲ್ಲಿಸಬೇಕು. ಆಕ್ಷೇಪಣೆ ಬಂದುದು ಆರು ತಿಂಗಳ ಮೇಲೆ. ವಾಯಿದೆ ಮೀರಿದ ತಗಾದೆ ಎಷ್ಟೇ ನ್ಯಾಯವಾಗಿದ್ದರೂ ನಿಲ್ಲಲಾರದು ಎಂಬುದು ಸಾಮಾನ್ಯ ಗುಮಾಸ್ತನಿಗೂ ಗೊತ್ತಿರುವ ವಿಷಯ. ಒಂದು ನಿಯಮವನ್ನು ಅಕ್ಷರಶಃ ಪಾಲಿಸಿದವರು ಅದೇ ಪುಸ್ತಕದ ಮತ್ತೊಂದು ನಿಯಮವನ್ನು ತೆರೆದು ನೋಡಲಿಲ್ಲ. ಥಾರ್ಪನ ಪರವಾಗಿ ತೆರೆದು ನೋಡುವವರೂ ಆಗ ಯಾರೂ ಇರಲಿಲ್ಲ.

ಮರುವರ್ಷವೇ ಕಾರ್ಲೈಲಿನ ಲೆಕ್ಕಪತ್ರಗಳು ಬೆಳಕಿಗೆ ಬಂದವು. ಥಾರ್ಪನ ಜೊತೆಯ ಆಟಗಾರ ಗಸ್ ವೆಲ್ಚನು ಮುಂದಾಗಿ, ವಿದ್ಯಾರ್ಥಿಗಳು ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1914ರಲ್ಲಿ ಕಾಂಗ್ರೆಸ್ಸಿನ ಜಂಟಿ ಆಯೋಗವು ಶಾಲೆಯ ಆಡಳಿತವನ್ನೂ ಕ್ರೀಡಾನಿಧಿಯ ವಿನಿಯೋಗವನ್ನೂ ವಿಚಾರಿಸಿತು. ಫ್ರೀಡ್‌ಮನ್ ಅಧಿಕಾರ ಕಳೆದುಕೊಂಡ. ವಾರ್ನರ್ ಪಿಟ್ಸ್‌ಬರ್ಗಿಗೆ ಹೋಗಿ ಇನ್ನಷ್ಟು ಕೀರ್ತಿಯನ್ನು ಗಳಿಸಿದ. ಶಾಲೆಯು 1918ರಲ್ಲಿ ಮುಚ್ಚಿತು.

ಇತ್ತ ಥಾರ್ಪನು ವೃತ್ತಿಪರನೆನಿಸಿಕೊಂಡ ಮೇಲೆ ವೃತ್ತಿಗೇ ಇಳಿದ. ನ್ಯೂಯಾರ್ಕ್ ಜಯಂಟ್ಸ್ ಬೇಸ್‌ಬಾಲ್ ತಂಡವು ಅವನನ್ನು ಸೇರಿಸಿಕೊಂಡುದು ಜನರನ್ನು ಸೆಳೆಯಲೆಂದೇ ಹೆಚ್ಚು, ಆಡಿಸಿದುದು ಕಡಮೆ. ಆ ಆಟದಲ್ಲಿ ಅವನು ಮಧ್ಯಮನಾಗಿಯೇ ಉಳಿದ. ಅವನ ನಿಜವಾದ ಆಟ ಫುಟ್‌ಬಾಲೇ. 1915ರಲ್ಲಿ ಒಹಾಯೊದ ಕ್ಯಾಂಟನ್ ಬುಲ್‌ಡಾಗ್ಸ್ ತಂಡವು ಪಂದ್ಯವೊಂದಕ್ಕೆ 250 ಡಾಲರ್ ಕೊಟ್ಟು ಅವನನ್ನು ಕರೆತಂದಾಗ ಅಷ್ಟು ಹಣವೇ ಎಂದು ಜನ ಬೆರಗಾದರು. ಆದರೆ ಸಾವಿರದ ಲೆಕ್ಕದಲ್ಲಿದ್ದ ಪ್ರೇಕ್ಷಕರು ಎಂಟು ಸಾವಿರದವರೆಗೆ ಏರಿದರು. 1920ರಲ್ಲಿ ಕ್ಯಾಂಟನ್ನಿನ ಮೋಟಾರು ಮಳಿಗೆಯೊಂದರಲ್ಲಿ ಸೇರಿದ ತಂಡಗಳ ಮಾಲೀಕರು ವೃತ್ತಿಪರ ಫುಟ್‌ಬಾಲ್ ಸಂಘವನ್ನು ಕಟ್ಟಿ ಥಾರ್ಪನನ್ನು ಮೊದಲ ಅಧ್ಯಕ್ಷನನ್ನಾಗಿ ಮಾಡಿದರು. ಆಡಳಿತ ಬಲ್ಲವನೆಂದಲ್ಲ, ಹೆಸರು ಬಲ್ಲದ್ದೆಂದು. ಇಂದು ಅಪಾರ ಐಶ್ವರ್ಯದ ನ್ಯಾಷನಲ್ ಫುಟ್‌ಬಾಲ್ ಲೀಗ್ ಈ ಸಂಘದಿಂದಲೇ ಬೆಳೆದುದು. 1922–23ರಲ್ಲಿ ಅವನು ಲಾರೂ ಎಂಬ ಹಳ್ಳಿಯಲ್ಲಿ ನಾಯಿಗಳನ್ನು ಸಾಕಿ ಮಾರುತ್ತಿದ್ದ ವ್ಯಾಪಾರಿಯೊಬ್ಬನಿಗಾಗಿ ಮೂಲನಿವಾಸಿಗಳದೇ ತಂಡವನ್ನು ನಡೆಸಿದ. ಆಟದ ನಡುವಣ ವಿರಾಮದಲ್ಲಿ ಆಟಗಾರರು ಗರಿಯ ಶಿರೋವೇಷ್ಟನ ಧರಿಸಿ ಕುಣಿಯಬೇಕಾಗುತ್ತಿತ್ತು. ನಾಯಿಗಳಿಗೆ ಅದು ಜಾಹೀರಾತು. ಕಾರ್ಲೈಲು ಕಿತ್ತುಹಾಕಿದ್ದ ಕುಲವೇಷಕ್ಕೆ ಪೇಟೆಯಲ್ಲಿ ಬೆಲೆ ಬಂದ ಬಗೆ ಇದು.

1928ರ ನಂತರದ ಕಥೆ ದೀರ್ಘವಲ್ಲ, ಸುಖಕರವೂ ಅಲ್ಲ. ಮದ್ಯ, ಮುರಿದ ಸಂಸಾರಗಳು, ಆರ್ಥಿಕ ಕುಸಿತದ ವರ್ಷಗಳು. ಲಾಸ್ ಏಂಜಲೀಸಿನಲ್ಲಿ ಗುದ್ದಲಿ ಹಿಡಿದು ಮಣ್ಣು ತೋಡಿದ. ಚಲಚ್ಚಿತ್ರಗಳಲ್ಲಿ ಹೆಸರಿಲ್ಲದ ಪಾತ್ರಗಳನ್ನು ಮಾಡಿದ. 1932ರಲ್ಲಿ ಅದೇ ನಗರದಲ್ಲಿ ಒಲಿಂಪಿಕ್ ನಡೆದಾಗ ಅವನಲ್ಲಿ ಟಿಕೆಟಿಗೆ ಹಣವಿರಲಿಲ್ಲವೆಂಬ ಸುದ್ದಿ ಹಬ್ಬಿ, ಸ್ವತಃ ಮೂಲನಿವಾಸಿ ವಂಶದವನಾದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸನು ಅವನನ್ನು ತನ್ನ ಬಳಿ ಕೂರಿಸಿಕೊಂಡ. ನೆರೆದ ಜನ ಎದ್ದು ನಿಂತು ಕೈತಟ್ಟಿದರು. 1950ರಲ್ಲಿ ಪತ್ರಕರ್ತರ ಮತಗಣನೆಯಲ್ಲಿ ಅವನು ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟುವೆಂದು ಆಯ್ಕೆಯಾದ. 1951ರಲ್ಲಿ ಬರ್ಟ್ ಲ್ಯಾಂಕಾಸ್ಟರನು ಥಾರ್ಪನಾಗಿ ನಟಿಸಿದ ಚಿತ್ರ ಬಂತು. ಅದೇ ವರ್ಷ ತುಟಿಯ ಅರ್ಬುದರೋಗದ ಚಿಕಿತ್ಸೆಗೆ ಅವನು ಧರ್ಮಾರ್ಥ ರೋಗಿಯಾಗಿ ಆಸ್ಪತ್ರೆ ಸೇರಿದ. 1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯದ ಲೋಮಿಟದಲ್ಲಿ, ಗಾಲಿಮನೆಯೊಂದರಲ್ಲಿ, ಹೃದಯಾಘಾತದಿಂದ ತೀರಿಕೊಂಡ. ವೆಸ್ಟ್ ಪಾಯಿಂಟಿನಲ್ಲಿ ಅವನನ್ನು ತಡೆಯಲೆತ್ನಿಸಿದ್ದ ಯುವಕ ಅಧ್ಯಕ್ಷಪದವಿಯನ್ನೇರಿ ಆಗ ಎರಡು ತಿಂಗಳಾಗಿತ್ತು.

ಪದಕಗಳ ವ್ಯಾಜ್ಯ ಮಾತ್ರ ಅವನೊಡನೆ ಸಾಯಲಿಲ್ಲ. 1952ರಿಂದ 1972ರವರೆಗೆ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದ ಏವರಿ ಬ್ರಂಡೇಜನು ಯಾವ ಮನವಿಗೂ ಜಗ್ಗಲಿಲ್ಲ. ಈತನು ಸ್ಟಾಕ್‌ಹೋಮಿನಲ್ಲಿ ಥಾರ್ಪನೊಡನೆಯೇ ಸ್ಪರ್ಧಿಸಿ ಸೋತವನು. ಸೋಲಿಗೂ ಹಟಕ್ಕೂ ಸಂಬಂಧ ಕಲ್ಪಿಸುವುದು ನ್ಯಾಯವಲ್ಲವಾದರೂ, ಸಂಗತಿಯನ್ನು ಮರೆಯುವುದೂ ಚರಿತ್ರೆಯಲ್ಲ. ಕೊನೆಗೆ ರಾಬರ್ಟ್ ವೀಲರ್, ಫ್ಲಾರೆನ್ಸ್ ರಿಡ್ಲನ್ ಎಂಬ ಸಂಶೋಧಕ ದಂಪತಿಗಳು ಕಾಂಗ್ರೆಸ್ ಗ್ರಂಥಭಂಡಾರದಲ್ಲಿ 1912ರ ನಿಯಮಪುಸ್ತಕವನ್ನು ಹುಡುಕಿ ತೆಗೆದು 30 ದಿನಗಳ ಕಲಮನ್ನು ಮುಂದಿಟ್ಟರು. ಒಂದು ಹಳೆಯ ಕಡತವು ಪ್ರಚಂಡ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿತು. 1982ರಲ್ಲಿ ಸಮಿತಿಯು ಒಪ್ಪಿತು. 1983ರ ಜನವರಿಯಲ್ಲಿ ಪದಕಗಳ ಪ್ರತಿಕೃತಿಗಳು ಅವನ ಮಕ್ಕಳ ಕೈಸೇರಿದವು. ಆದರೆ ಕೊಟ್ಟುದು ಅರ್ಧ ಮನಸ್ಸಿನಿಂದ: ವೀಸ್ಲಾಂಡರನೊಡನೆಯೂ ನಾರ್ವೆಯ ಫರ್ಡಿನೆಂಡ್ ಬೀಯನೊಡನೆಯೂ ಸಹವಿಜೇತನೆಂದು. ಅವನೊಬ್ಬನೇ ವಿಜೇತನೆಂಬ ನಿರ್ಣಯಕ್ಕೆ 2022ರ ಜುಲೈವರೆಗೆ ಕಾಯಬೇಕಾಯಿತು. ಹಣಕ್ಕಾಗಿ ಆಡುವ ಬ್ಯಾಸ್ಕೆಟ್‌ಬಾಲ್ ಮಲ್ಲರು 1992ರಲ್ಲಿಯೇ ಬಾರ್ಸಿಲೋನದ ಒಲಿಂಪಿಕ್ಕಿನಲ್ಲಿ ರಾಜಾರೋಷವಾಗಿ ಆಡಿಹೋಗಿದ್ದರು. 2024ರಲ್ಲಿ ಅಮೆರಿಕದ ಅಧ್ಯಕ್ಷರು ಮರಣೋತ್ತರವಾಗಿ ಸ್ವಾತಂತ್ರ್ಯಪದಕವನ್ನಿತ್ತರು.

ದೇಹದ ವ್ಯಾಜ್ಯ ಬೇರೆ. ಒಕ್ಲಹೋಮದಲ್ಲಿ ಕುಲದವರು ಅಂತ್ಯವಿಧಿಗಳನ್ನು ನಡೆಸುತ್ತಿದ್ದಾಗಲೇ ಮೂರನೆಯ ಹೆಂಡತಿ ಬಂದು ಶವಪೆಟ್ಟಿಗೆಯನ್ನು ಕೊಂಡೊಯ್ದಳು. ಆ ರಾಜ್ಯದಿಂದ ಸ್ಮಾರಕಕ್ಕೆ ಹಣ ಹುಟ್ಟಲಿಲ್ಲ. ಪೆನ್ಸಿಲ್ವೇನಿಯದಲ್ಲಿ ಕಲ್ಲಿದ್ದಲಿನ ವ್ಯವಹಾರ ಇಳಿದು ಬಡವಾಗಿದ್ದ ಮಾಕ್ ಚಂಕ್, ಈಸ್ಟ್ ಮಾಕ್ ಚಂಕ್ ಎಂಬ ಅಕ್ಕಪಕ್ಕದ ಊರುಗಳು ಪ್ರವಾಸಿಗಳು ಬಂದಾರೆಂಬ ಆಸೆಯಿಂದ ಅವಳೊಡನೆ ಕರಾರು ಮಾಡಿಕೊಂಡು, 1954ರಲ್ಲಿ ಒಂದಾಗಿ 'ಜಿಮ್ ಥಾರ್ಪ್' ಎಂದು ಹೆಸರಿಟ್ಟುಕೊಂಡವು. ತಂದೆಯನ್ನು ಕುಲದ ನೆಲದಲ್ಲಿ ಹೂಳಬೇಕೆಂದು ಮಗ ಜ್ಯಾಕ್ 2010ರಲ್ಲಿ ದಾವೆ ಹೂಡಿದ. ಮರುವರ್ಷ ತಾನೇ ತೀರಿಕೊಂಡ. ಸೋದರರು ಮುಂದುವರಿಸಿದರು. 2013ರಲ್ಲಿ ಕೆಳಗಿನ ನ್ಯಾಯಾಲಯವು ಮಕ್ಕಳ ಪರವಾಗಿ, 2014ರಲ್ಲಿ ಮೇಲಿನದು ಊರಿನ ಪರವಾಗಿ ತೀರ್ಪಿತ್ತಿತು. 2015ರಲ್ಲಿ ಸುಪ್ರೀಂ ಕೋರ್ಟು ಅಪೀಲನ್ನು ಎತ್ತಿಕೊಳ್ಳಲಿಲ್ಲ. ಕೆಂಪು ಕಲ್ಲಿನ ಆ ಗೋರಿ ಪೆನ್ಸಿಲ್ವೇನಿಯದ ರಸ್ತೆಯ ಬದಿಯಲ್ಲಿಯೇ ಇದೆ. ಅದರ ಅಡಿಯಲ್ಲಿ ಒಕ್ಲಹೋಮದಿಂದಲೂ ಸ್ಟಾಕ್‌ಹೋಮಿನ ಕ್ರೀಡಾಂಗಣದಿಂದಲೂ ತಂದ ಮಣ್ಣನ್ನು ಹಾಕಿದ್ದಾರೆ.